ಮಗ್ಗದ ಮನೆಯ ಕನ್ನಡ: ಕೊಂಗುನಾಡಿನ ದೇವಾಂಗ ನೇಕಾರರು



ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಸ್ವದೇಶಿ ಚಳವಳಿಗೆ ಕರೆ ಕೊಡಲಾಯಿತು. ಅದರ ನೆನಪಿಗಾಗಿ 2015ರಿಂದ ಕೇಂದ್ರ ಸರ್ಕಾರ ಈ ದಿನವನ್ನು ಆಚರಿಸುತ್ತಿದೆ. ಮೊದಲ ವರ್ಷದ ಸಮಾರಂಭ ನಡೆದದ್ದು ನಮ್ಮ ಚೆನ್ನೈಯಲ್ಲೇ. ಈ ದಿನ ಬಂದಾಗಲೆಲ್ಲ ಕಾಂಚೀಪುರ, ಬನಾರಸ್, ಇಳಕಲ್ ಸೀರೆಗಳ ಮಾತು ಬರುತ್ತದೆ. ನಮ್ಮ ಪಕ್ಕದ ಬೀದಿಯಲ್ಲಿ, ನಮ್ಮದೇ ಭಾಷೆಯಲ್ಲಿ ಮಾತಾಡುತ್ತಾ ನೇಯುವವರ ಬಗ್ಗೆ ನಮ್ಮ ಪುಟದಲ್ಲಿ ವಿವರವಾಗಿ ಬರೆಯಬೇಕೆಂದು ಹಲವು ಸದಸ್ಯರು ಕೇಳುತ್ತಲೇ ಇದ್ದರು. ಹೊಸೂರು, ತಾಳವಾಡಿ, ಕಾಸರಗೋಡು ಕಡೆಯ ಸದಸ್ಯರಿಗೆ ಈ ಭಾಗದ ಪರಿಚಯ ಕಡಿಮೆ ಇರಬಹುದು. ಅದಕ್ಕಾಗಿ ಮೊದಲಿನಿಂದ ಹೇಳುತ್ತೇನೆ.

ಕಾಂಗೇಯದ ಸುತ್ತಮುತ್ತ

ಕಾಂಗೇಯಂ ಎಂದರೆ ಹೊರಗಿನವರಿಗೆ ನೆನಪಾಗುವುದು ಎತ್ತು. ಆಮೇಲೆ ಅಕ್ಕಿ ಗಿರಣಿ, ಕೊಬ್ಬರಿ ಎಣ್ಣೆ. ಆದರೆ ಕಾಂಗೇಯಂ ಬಸ್ ನಿಲ್ದಾಣದಿಂದ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ದೂರದಲ್ಲಿ ಬಟ್ಟೆಯ ಊರೊಂದು ಸಿಗುತ್ತದೆ. ಉತ್ತರಕ್ಕೆ ಚೆನ್ನಿಮಲೈ, ಕೈಮಗ್ಗದ ಹಾಸುಹೊದಿಕೆಗೆ ಹೆಸರಾದ ಊರು. 1932ರಲ್ಲಿ ತಿರುಪ್ಪೂರಿನಲ್ಲಿ ಬಾವುಟ ಬಿಡದೆ ಲಾಠಿ ಏಟಿಗೆ ಪ್ರಾಣ ಕೊಟ್ಟ ಕುಮಾರನ್ ಹುಟ್ಟಿದ್ದು ಈ ಚೆನ್ನಿಮಲೈಯ ನೇಕಾರ ಕುಟುಂಬದಲ್ಲಿ. ಅದನ್ನು ದಾಟಿ ಈರೋಡಿನ ಆಚೆ ಹೋದರೆ ಭವಾನಿ. ಮದುವೆ ಮನೆಗಳಲ್ಲಿ ಹಾಸುವ ದಪ್ಪ ಪಟ್ಟೆಪಟ್ಟೆ ಜಮಖಾನ ಅಲ್ಲಿಯದು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗಿರಣಿ ಬಟ್ಟೆ ಬಂದು ಸೀರೆ ಪಂಚೆಗಳ ವ್ಯಾಪಾರ ಕುಸಿದಾಗ, ಅಲ್ಲಿನ ಜಂಗಮ ನೇಕಾರರು ದಪ್ಪ ಬಣ್ಣದ ನೂಲು ಹಿಡಿದು ಈ ಹೊಸ ಕಸುಬು ಕಟ್ಟಿಕೊಂಡರು. ಪಶ್ಚಿಮಕ್ಕೆ ತಿರುಪ್ಪೂರು, ಬನಿಯನ್ ಊರು. ಅದರ ಅಂಚಿನ ಅನುಪ್ಪರ್‌ಪಾಳಯದಲ್ಲಿ ತಾಮ್ರ ಹಿತ್ತಾಳೆ ಪಾತ್ರೆ ಬಡಿಯುವ ಕುಶಲಕರ್ಮಿಗಳಿದ್ದಾರೆ. ಇನ್ನೂ ಮುಂದೆ ಅವಿನಾಶಿ, ಪುಂಜೈ ಪುಳಿಯಂಪಟ್ಟಿ, ಭವಾನಿ ನದಿಯ ದಡದ ಸಿರುಮುಗೈ. ಪಶ್ಚಿಮಕ್ಕೇ ಪಲ್ಲಡಂ, ನೈಋತ್ಯಕ್ಕೆ ಪೊಳ್ಳಾಚಿ ಹತ್ತಿರದ ನೆಗಮಂ.

ಈ ಕೊನೆಯ ಸಾಲಿನ ಊರುಗಳೇ ನಮ್ಮ ವಿಷಯ. ಕೊಯಮತ್ತೂರು, ತಿರುಪ್ಪೂರು, ಈರೋಡು ಜಿಲ್ಲೆಗಳ ಇಂಥ ಊರುಗಳಲ್ಲಿ ನೇಯುವವರಲ್ಲಿ ಬಹಳ ಜನ ದೇವಾಂಗರು. ತಮಿಳಿನಲ್ಲಿ ದೇವಾಂಗ ಚೆಟ್ಟಿಯಾರ್ ಎನ್ನುತ್ತಾರೆ. ಅಂಗಡಿಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ತಮಿಳು ಆಡುವ ಇವರಲ್ಲಿ ಬಹುಪಾಲು ಜನರ ಮನೆಮಾತು ಕನ್ನಡ. ಅದಕ್ಕೆ ಬರಹವಿಲ್ಲ, ಪಾಠಪುಸ್ತಕವಿಲ್ಲ. ಕಿವಿಯಿಂದ ಕಿವಿಗೆ ಬಂದ ಕನ್ನಡ ಅದು.

ಯಾರು, ಎಲ್ಲಿಂದ ಬಂದರು

ದೇವಾಂಗರ ಮೂಲಪುರುಷ ದೇವಲ ಮಹರ್ಷಿ ಎಂಬುದು ಪುರಾಣದ ಕಥೆ. ದೇವತೆಗಳಿಗೂ ಮನುಷ್ಯರಿಗೂ ಉಡಲು ಬಟ್ಟೆ ಇಲ್ಲದಿದ್ದಾಗ ವಿಷ್ಣುವಿನ ನಾಭಿಕಮಲದ ದಂಟಿನಿಂದ ದೇವಲ ನೂಲು ಪಡೆದು ಬರುತ್ತಾನೆ. ದಾರಿಯಲ್ಲಿ ರಾಕ್ಷಸರು ಅಡ್ಡಗಟ್ಟುತ್ತಾರೆ. ಆಗ ಚೌಡೇಶ್ವರಿ ಪ್ರತ್ಯಕ್ಷಳಾಗಿ ಅವರನ್ನು ಕೊಲ್ಲುತ್ತಾಳೆ. ಸತ್ತ ರಾಕ್ಷಸರ ರಕ್ತ ಒಬ್ಬೊಬ್ಬರದು ಒಂದೊಂದು ಬಣ್ಣ. ದೇವಲ ಆ ಬಣ್ಣಗಳಲ್ಲಿ ನೂಲು ಅದ್ದಿ ತೆಗೆದ ಮೇಲೆ ಲೋಕಕ್ಕೆ ಬಣ್ಣದ ಬಟ್ಟೆ ಬಂತು. ನೂಲುವುದು, ಬಣ್ಣ ಕಟ್ಟುವುದು, ನೇಯುವುದು, ಒಂದು ಕಸುಬಿನ ಮೂರೂ ಹಂತ ಒಂದೇ ಕಥೆಯಲ್ಲಿ ಅಡಗಿವೆ.

ಈ ಭಾಗದ ದೇವಾಂಗರ ಕುಲದೇವತೆಯನ್ನು ರಾಮಲಿಂಗ ಚೌಡೇಶ್ವರಿ ಎಂದು ಕರೆಯುತ್ತಾರೆ. ತಮಿಳು ಬೋರ್ಡಿನಲ್ಲಿ ‘ಸೌಡೇಶ್ವರಿ ಅಮ್ಮನ್’ ಎಂದಿರುತ್ತದೆ. ಕೊಯಮತ್ತೂರು ರಾಜಬೀದಿಯ ದೇವಸ್ಥಾನದಿಂದ ವಿಜಯದಶಮಿಯ ದಿನ ಹೊರಡುವ ಮೆರವಣಿಗೆಯಲ್ಲಿ ಗಂಡಸರು, ಹುಡುಗರು ಎದೆಗೂ ತೋಳಿಗೂ ಕತ್ತಿ ತಾಗಿಸಿಕೊಂಡು, ‘ವೇಸ್ಕೋ ತಾಯೇ, ತೀಸ್ಕೋ ತಾಯೇ’ ಎಂದು ಕೂಗುತ್ತಾ ತಾಯಿಯನ್ನು ಕರೆಯುತ್ತಾರೆ. ಕರ್ನಾಟಕದಲ್ಲಿ ಅಲಗುಸೇವೆ ಎನ್ನುವುದು ಇದನ್ನೇ. ಗಾಯಕ್ಕೆ ಹಚ್ಚುವುದು ಭಂಡಾರ, ಅಂದರೆ ಅರಿಶಿನ ಪುಡಿ.

ಮುದನೂರಿನ ದಾಸಿಮಯ್ಯನನ್ನು ಸದಸ್ಯರೆಲ್ಲ ಬಲ್ಲರು. ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನ ಆ ನೇಕಾರ, ಬಸವಣ್ಣನವರಿಗೂ ಹಿಂದಿನ ವಚನಕಾರ. ಅವನ ಅಂಕಿತ ‘ರಾಮನಾಥ’. ದೇವಾಂಗರು ಅವನನ್ನು ತಮ್ಮ ಕುಲದ ಹಿರಿಯನೆಂದು ಪೂಜಿಸುತ್ತಾರೆ. ವಚನ ಓದಲು ಬಾರದ ಕೊಂಗುನಾಡಿನ ಮನೆಗಳಲ್ಲೂ ದೇವರ ಹೆಸರಿನಲ್ಲಿ ರಾಮಲಿಂಗ ಉಳಿದಿದ್ದಾನೆ.

ವಿಜಯನಗರದ ಕಾಲದಲ್ಲೂ ಅದು ಬಿದ್ದ ಮೇಲೂ ತಂಡತಂಡವಾಗಿ ದಕ್ಷಿಣಕ್ಕೆ ಬಂದೆವು ಎಂಬುದು ಅವರ ಹಿರಿಯರ ಮಾತು. ದಾಖಲೆಯಲ್ಲಿ ಗಟ್ಟಿಯಾಗಿ ಸಿಗುವ ವಿಷಯ ಇನ್ನೊಂದಿದೆ. ಕೊಯಮತ್ತೂರು ಸೀಮೆ ಮೈಸೂರು ಒಡೆಯರ ಆಳ್ವಿಕೆಯಲ್ಲೂ ಹೈದರ್, ಟಿಪ್ಪು ಕಾಲದಲ್ಲೂ ಮೈಸೂರಿಗೆ ಸೇರಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ಕೈಗೆ ಹೋಯಿತು. ಆಮೇಲೂ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಅದು ಮೈಸೂರಿಗೆ ಬಂತು. ತಾಳವಾಡಿ ಬೆಟ್ಟದ ಕನ್ನಡ ಹಳ್ಳಿಗಳು ಮದರಾಸಿನಲ್ಲೇ ಉಳಿದವು. ಕೊಳ್ಳೇಗಾಲದ ದೇವಾಂಗಪೇಟೆಯ ರೇಷ್ಮೆ ಮಗ್ಗವೂ ಸಿರುಮುಗೈಯ ರೇಷ್ಮೆ ಮಗ್ಗವೂ ಒಂದೇ ಜಿಲ್ಲೆಯಲ್ಲಿದ್ದ ಕಾಲ ಅದು. ಗೆರೆ ಎಳೆದ ಮೇಲೆ ಆ ಕಡೆಯವರ ಮಕ್ಕಳಿಗೆ ಕನ್ನಡ ಶಾಲೆ ಸಿಕ್ಕಿತು, ಈ ಕಡೆಯವರ ಮಕ್ಕಳಿಗೆ ತಮಿಳು ಶಾಲೆ. ಕಸುಬು ಮಾತ್ರ ಎರಡು ಕಡೆಯೂ ಒಂದೇ.

1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲೂ ದೇವಾಂಗರಲ್ಲಿ ಕನ್ನಡ ಆಡುವವರು, ತೆಲುಗು ಆಡುವವರು ಎಂಬ ಎರಡು ಪಾಲು ಹೇಳಿದೆ. ಅಂದರೆ ಈ ಮನೆಮಾತು ನೂರು ವರ್ಷದ ಹಿಂದೆಯೂ ಹೊರಗಿನವರ ಕಣ್ಣಿಗೆ ಬೀಳುವಷ್ಟು ಗಟ್ಟಿಯಾಗಿತ್ತು.

ಒಂದು ಸೀರೆ ಆಗುವ ಬಗೆ

ಈ ಊರುಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಸೀರೆ ನೇಯುತ್ತಾರೆ. ಒಂದು, ಕೋವೈ ಕೋರಾ ಕಾಟನ್. ‘ಕೋರಾ’ ಎಂದರೆ ಇನ್ನೂ ಹದ ಮಾಡದ ಹಸಿ ಎಳೆ. ಹಾಸಿಗೆ ತಿರುವು ಕೊಡದ ರೇಷ್ಮೆ, ಹೊಕ್ಕಿಗೆ ಹತ್ತಿ ನೂಲು. ರೇಷ್ಮೆಯ ಹೊಳಪೂ ಹತ್ತಿಯ ತಂಪೂ ಒಂದೇ ಸೀರೆಯಲ್ಲಿ ಸಿಗುವುದರಿಂದ ನಮ್ಮ ಬಿಸಿಲಿಗೆ ಹೇಳಿಮಾಡಿಸಿದಂತಿರುತ್ತದೆ. ಇದಕ್ಕೆ 2014-15ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಎರಡು, ಸಿರುಮುಗೈ ಕಡೆಯ ಮೆತ್ತನೆ ರೇಷ್ಮೆ. ‘ಸಾಫ್ಟ್ ಸಿಲ್ಕ್’ ಎಂದೇ ಹೆಸರು. ಕಾಂಚೀಪುರ ಸೀರೆಗಿಂತ ಹಗುರ, ಮಡಿಸಿದರೆ ಮುಷ್ಟಿಯಲ್ಲಿ ಹಿಡಿಯುವಂತಿರುತ್ತದೆ. ಮೂರು, ನೆಗಮಂ ಹತ್ತಿ ಸೀರೆ. ಇದಕ್ಕೆ 2023ರಲ್ಲಿ ಭೌಗೋಳಿಕ ಸೂಚಕ ಬಂತು.

ಮಾನ್ಯತೆಯ ಪತ್ರ ಇರುವುದು ಸೀರೆಯ ಹೆಸರಿಗೆ. ಸೀರೆಯ ಹಿಂದಿನ ಕೆಲಸ ಎಷ್ಟು ಕೈಗಳದು ಎಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ನೂಲು. ನೂಲಿಗೆ ‘ನಂಬರ್’ ಇರುತ್ತದೆ. 840 ಗಜದ ಒಂದು ಲಡಿ, ಅಂಥ ಎಷ್ಟು ಲಡಿ ಸೇರಿದರೆ ಒಂದು ಪೌಂಡು ತೂಗುತ್ತದೋ ಅದೇ ಆ ನೂಲಿನ ನಂಬರ್. 80ರ ನೂಲಾದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, 80 ಲಡಿ. ಲೆಕ್ಕ ಹಾಕಿದರೆ 61 ಕಿಲೋಮೀಟರ್ ಉದ್ದ. ಅರ್ಧ ಕಿಲೋಗೂ ಕಡಿಮೆ ತೂಕದ ನೂಲನ್ನು ಕಾಂಗೇಯದಿಂದ ಬಿಚ್ಚುತ್ತಾ ಹೋದರೆ ಕೊಯಮತ್ತೂರಿನ ಹೊರವಲಯದ ಹತ್ತಿರ ಬಂದುಬಿಡುತ್ತೇವೆ. ನಂಬರ್ ಹೆಚ್ಚಿದಷ್ಟು ಎಳೆ ಸಣ್ಣ, ಬಟ್ಟೆ ನಯ, ಕಡಿಯುವ ಭಯವೂ ಹೆಚ್ಚು.

ಆಮೇಲೆ ಬಣ್ಣ ಕಟ್ಟಿಸಿ, ರಾಟೆಯಲ್ಲಿ ಸುತ್ತಿ, ಹಾಸು ಸಿದ್ಧಮಾಡಬೇಕು. ಹತ್ತಿ ಹಾಸಿಗೆ ಅಕ್ಕಿ ಗಂಜಿ ಹಾಕುವ ಕೆಲಸ ಹಿಂದೆ ಬೀದಿಯಲ್ಲೇ ನಡೆಯುತ್ತಿತ್ತು. ಬೆಳಗಿನ ಜಾವ, ಬಿಸಿಲು ಏರುವ ಮೊದಲು, ಬೀದಿಯ ಉದ್ದಕ್ಕೂ ಹಾಸನ್ನು ಚಾಚಿ ಕಟ್ಟಿ, ಗಂಜಿ ಹಚ್ಚಿ, ಎರಡೂ ಕಡೆಯಿಂದ ದೊಡ್ಡ ಕುಂಚದಲ್ಲಿ ಉಜ್ಜುತ್ತಾ ಹೋಗುತ್ತಿದ್ದರು. ಬಿಸಿಲು ಏರಿದರೆ ಗಂಜಿ ಬೇಗ ಒಣಗಿ ಎಳೆ ಒಂದಕ್ಕೊಂದು ಅಂಟುತ್ತದೆ, ಮಳೆ ಬಂದರೆ ಕೆಲಸವೇ ಕೆಟ್ಟಿತು. ಒಂದು ಮನೆಯ ಹಾಸಿಗೆ ನಾಲ್ಕು ಮನೆಯವರು ಕೈಜೋಡಿಸಲೇಬೇಕು. ಹಳೆಯ ನೇಕಾರ ಬೀದಿಗಳು ನೇರವಾಗಿ, ಉದ್ದವಾಗಿ ಇರುವುದಕ್ಕೆ ಒಂದು ಕಾರಣ ಇದೇ.

ಹಾಸು ಮಗ್ಗಕ್ಕೆ ಬಂದ ಮೇಲೆ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ತುದಿ ಸೇರಿಸಬೇಕು. ಸಾವಿರಾರು ಎಳೆ, ಒಂದೊಂದನ್ನೂ ಬೆರಳ ತುದಿಯಲ್ಲಿ ಹೊಸೆದು ಕೂಡಿಸಬೇಕು. ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಈ ಕೆಲಸದಲ್ಲಿ ಹೆಂಗಸರ ಕೈ ಹೆಚ್ಚು. ಕಂಡಿಕೆ ಸುತ್ತುವುದು ಕಣ್ಣು ಮಂಜಾದ ಅಜ್ಜಿಯಂದಿರಿಗೂ ಆಗುವ ಕೆಲಸ. ರಾಟೆಯ ಸದ್ದಿನಲ್ಲೇ ನೂಲು ಸರಿಯಾಗಿ ಬರುತ್ತಿದೆಯೋ ಇಲ್ಲವೋ ಅವರಿಗೆ ಗೊತ್ತಾಗುತ್ತದೆ.

ಮಗ್ಗ ಬಹುಮಟ್ಟಿಗೆ ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲಮಟ್ಟದಲ್ಲಿ ಕುಳಿತು ನೇಯುವುದು. ನೆಲದ ತಂಪಿಗೆ ಎಳೆ ಒಣಗಿ ಕಡಿಯುವುದು ಕಡಿಮೆ. ಮೇಲೆ ಜಕಾರ್ಡ್ ಪೆಟ್ಟಿಗೆ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಸಾಧನ ಅದು. ರಟ್ಟಿನ ಅಟ್ಟೆಯಲ್ಲಿ ತೂತು ಇದ್ದರೆ ಆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಕಂಪ್ಯೂಟರಿಗೆ ಮೊದಲು ಮಾಹಿತಿ ಉಣಿಸಿದ್ದು ಇಂಥದೇ ತೂತಿನ ಕಾರ್ಡುಗಳಲ್ಲಿ. ನಮ್ಮ ಪೈಕಿ ಹಳೆಯ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ನೆನಪಿರಬಹುದು. ಹೂವಿನ ಬುಟ್ಟಾ, ನವಿಲು, ಮಾವಿನಕಾಯಿ ಏನೇ ಇರಲಿ, ಅದನ್ನು ಮೊದಲು ಚೌಕದ ಕಾಗದದಲ್ಲಿ ಬರೆದು, ನಂತರ ಅಟ್ಟೆಯಲ್ಲಿ ತೂತು ಹೊಡೆದು, ಪೋಣಿಸಿ ಮೇಲೆ ಕಟ್ಟುತ್ತಾರೆ.

ಅಂಚು ಒಂದು ಬಣ್ಣ, ಒಡಲು ಇನ್ನೊಂದು ಬಣ್ಣ ಇದ್ದರೆ ಮೂರು ಲಾಳಿ ಬೇಕು: ಒಡಲಿಗೆ ಒಂದು, ಎರಡು ಅಂಚಿಗೆ ಎರಡು. ಆಗ ಆ ಬದಿಯ ಲಾಳಿ ಹಾಕಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಗಂಡ ಹೆಂಡತಿ, ತಾಯಿ ಮಗ, ಅಣ್ಣ ತಂಗಿ. ಒಬ್ಬರ ಕೈ ನಿಂತರೆ ಇನ್ನೊಬ್ಬರ ಕೈಯೂ ನಿಲ್ಲುತ್ತದೆ. ಸಾದಾ ಸೀರೆಯಾದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ, ಬುಟ್ಟಾ ಮತ್ತು ಸೆರಗಿನ ಕೆಲಸ ಹೆಚ್ಚಿದಷ್ಟು ದಿನ ಹೆಚ್ಚು.

ಮಾತು ಉಳಿದದ್ದು ಮಗ್ಗದ ಬಲದಿಂದ

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಶಾಲೆ ಇಲ್ಲ, ಪತ್ರಿಕೆ ಇಲ್ಲ, ಲಿಪಿ ಇಲ್ಲ. ಸುತ್ತಲೂ ಬೇರೆ ಭಾಷೆ. ಆದರೂ ಇಷ್ಟು ತಲೆಮಾರು ಈ ಮನೆಗಳಲ್ಲಿ ಕನ್ನಡ ಹೇಗೆ ಉಳಿಯಿತು?

ಮೇಲಿನ ವಿವರವನ್ನು ಇನ್ನೊಮ್ಮೆ ನೋಡಿದರೆ ಉತ್ತರ ಅಲ್ಲೇ ಇದೆ. ಮನೆಯೇ ಕಾರ್ಖಾನೆ. ಅಜ್ಜಿ ಕಂಡಿಕೆ ಸುತ್ತುತ್ತಾಳೆ, ಅಪ್ಪ ನೇಯುತ್ತಾನೆ, ಅಮ್ಮ ಎಳೆ ಕೂಡಿಸುತ್ತಾಳೆ, ಮಗು ಪಕ್ಕದ ಲಾಳಿಗೆ ಕೂರುತ್ತದೆ. ಬೆಳಗಿನಿಂದ ಸಂಜೆಯ ತನಕ ಮೂರು ತಲೆಮಾರು ಒಂದೇ ಸೂರಿನಡಿ, ಒಂದೇ ಕೆಲಸದಲ್ಲಿ. ಬೇರೆ ಕಸುಬಿನವರು ದುಡಿಮೆಯ ಭಾಷೆ ಹೊರಗೆ ಕಲಿತು ಬರುತ್ತಾರೆ. ನೇಕಾರನ ದುಡಿಮೆಯ ಭಾಷೆ, ಊಟದ ಭಾಷೆ, ಬೈಗುಳದ ಭಾಷೆ ಎಲ್ಲ ಒಂದೇ. ‘ಎಳೆ ಕಡಿಯಿತು ನೋಡು’ ಎಂದು ಗದರಿದ್ದು ಯಾವ ಭಾಷೆಯಲ್ಲೋ ಮಗುವಿಗೆ ಕಸುಬು ಬಂದದ್ದೂ ಆ ಭಾಷೆಯಲ್ಲೇ.

ಅದರ ಜೊತೆಗೆ ಕೊಡು ಕೊಳ್ಳುವ ಸಂಬಂಧಗಳು ಕುಲದ ಒಳಗೇ ನಡೆದವು. ಸೊಸೆಯಾಗಿ ಬರುವವಳಿಗೆ ಮಗ್ಗವೂ ಗೊತ್ತು, ಮಾತೂ ಗೊತ್ತು. ಹಾಗಾಗಿ ಮಾತಿಗೆ ಬೇಲಿ ಬಿತ್ತು.

ಮಗ್ಗದ ಪದಗಳನ್ನೇ ನೋಡಿ. ತಮಿಳಿನವರು ‘ತರಿ’ ಎನ್ನುವುದು ನಮಗೆ ಮಗ್ಗ. ಅವರ ‘ಪಾವು’ ನಮ್ಮ ಹಾಸು, ಅವರ ‘ಊಡೈ’ ನಮ್ಮ ಹೊಕ್ಕು. ಅವರ ‘ನಾಡಾ’ ನಮ್ಮ ಲಾಳಿ, ಅವರ ‘ಅಚ್ಚು’ ನಮ್ಮ ಹಣಿಗೆ. ಸೀರೆಯ ‘ಕರೈ’ ಎಂದರೆ ಅಂಚು, ‘ಮುಂದಾನೈ’ ಎಂದರೆ ಸೆರಗು. ಪಾವು, ಹಾಸು ಎರಡೂ ದೂರದ ಪದಗಳಲ್ಲ. ಹಾಸು ಎಂಬುದು ಹಳಗನ್ನಡದಲ್ಲಿ ಪಾಸು. ತಮಿಳಿನ ಪಾಲು ನಮ್ಮಲ್ಲಿ ಹಾಲಾಗಿರುವಂತೆ ಇಲ್ಲಿಯೂ ಪಕಾರ ಹಕಾರವಾಗಿದೆ. ‘ಅದು ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ’ ಎಂದು ಭಾಷಣಗಳಲ್ಲಿ ನಾವು ಎಷ್ಟು ಸಲ ಹೇಳಿಲ್ಲ! ಹಾಸು ಯಾವುದು, ಹೊಕ್ಕು ಯಾವುದು ಎಂದು ಕೈಮುಟ್ಟಿ ತೋರಿಸಬಲ್ಲವರು ಈ ಮನೆಗಳಲ್ಲಿದ್ದಾರೆ.

ಇವತ್ತು ಈ ಪದಗಳೂ ಬೆರೆತುಹೋಗಿವೆ. ಸೊಸೈಟಿಯ ಲೆಕ್ಕ ತಮಿಳಿನಲ್ಲಿ, ವ್ಯಾಪಾರಿಯ ಮಾತು ತಮಿಳಿನಲ್ಲಿ. ಮಗ್ಗದ ಮೇಲೆ ಕೂತ ಹಿರಿಯರು ಹಾಸು ಎಂದರೆ ಕಿರಿಯರು ಪಾವು ಎನ್ನುತ್ತಾರೆ. ಬೆರೆಯುವುದು ತಪ್ಪಲ್ಲ. ಎರಡು ಭಾಷೆಯ ನಡುವೆ ಬದುಕುವ ನಮಗೆಲ್ಲ ಅದು ಗೊತ್ತಿರುವುದೇ. ಆದರೆ ಮಗ್ಗವೇ ನಿಂತರೆ ಆ ಪದಗಳನ್ನು ಆಡಲು ಮನೆಯಲ್ಲಿ ಸಂದರ್ಭವೇ ಇರುವುದಿಲ್ಲ.

ಮಗ್ಗ ಏಕೆ ನಿಲ್ಲುತ್ತಿದೆ

ಕಾರಣ ಒಂದೇ ಅಲ್ಲ. ಮೊದಲನೆಯದು ಕೂಲಿ. ಕೈಮಗ್ಗದ ಕೂಲಿ ಸೀರೆ ಲೆಕ್ಕ. ಆ ಒಂದು ಸೀರೆಯ ಕೂಲಿಯಲ್ಲಿ ನೇಯ್ದವನ ಜೊತೆ ಕಂಡಿಕೆ ಸುತ್ತಿದವಳ, ಎಳೆ ಕೂಡಿಸಿದವಳ, ಪಕ್ಕದ ಲಾಳಿ ಹಾಕಿದವಳ ದುಡಿಮೆಯೂ ಸೇರಿಹೋಗುತ್ತದೆ. ಅವರಿಗೆ ಬೇರೆ ಲೆಕ್ಕವಿಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಿದ್ದಾರೆ. ಅದೇ ಗಣತಿಯಲ್ಲಿ, ಮೂರರಲ್ಲಿ ಎರಡು ಪಾಲಿನಷ್ಟು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ ಎಂದು ಕಂಡುಬಂದಿದೆ. ಈ ಒಂದು ಅಂಕಿಯ ಮುಂದೆ ಉಳಿದ ಮಾತೆಲ್ಲ ಸಣ್ಣದು.

ಎರಡನೆಯದು ಪಕ್ಕದ ತಿರುಪ್ಪೂರು. ಅಲ್ಲಿ ಹೊಲಿಗೆಗೆ, ಚೆಕಿಂಗಿಗೆ, ಪ್ಯಾಕಿಂಗಿಗೆ ಸೇರಿದ ಹುಡುಗ ಹುಡುಗಿಯರಿಗೆ ವಾರದ ಕೊನೆಗೆ ಕೈಗೆ ಹಣ ಬರುತ್ತದೆ. ಮಗ್ಗದ ಗುಂಡಿಯಲ್ಲಿ ಬೆನ್ನು ಬಗ್ಗಿಸಿ ಕೂತು ಬರುವುದಕ್ಕಿಂತ ಹೆಚ್ಚೇ ಬರುತ್ತದೆ. ಮಗ್ಗದ ಮನೆಗೆ ಹೆಣ್ಣು ಕೊಡಲು ಯೋಚಿಸುವವರು ಮಗ್ಗದ ಮನೆಯವರೇ. ಇದನ್ನು ಯಾರೂ ತಪ್ಪೆನ್ನಲಾರರು. ‘ನಮ್ಮ ಸಂಸ್ಕೃತಿ ಉಳಿಸಲಿಕ್ಕಾಗಿ ನೀನು ಬಡವನಾಗಿಯೇ ಇರು’ ಎಂದು ಹೇಳುವ ಹಕ್ಕು ನಮಗಿಲ್ಲ.

ಮೂರನೆಯದು ವಿದ್ಯುತ್ ಮಗ್ಗ. ಪಲ್ಲಡಂ, ಸೋಮನೂರು ಕಡೆ ವಿದ್ಯುತ್ ಮಗ್ಗದ ಸದ್ದು ಹಗಲು ರಾತ್ರಿ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲೇ ಬಂತು. ಮೊದಲು 22 ಬಗೆ ಮೀಸಲಾಗಿದ್ದವು, ಈಗ ಇರುವುದು 11. ವಿದ್ಯುತ್ ಮಗ್ಗದವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಪಟ್ಟಿಯಲ್ಲಿ ಸೀರೆಯೂ ಇದೆ. ಆದರೂ ಕೈಮಗ್ಗದ ವಿನ್ಯಾಸವನ್ನು ವಿದ್ಯುತ್ ಮಗ್ಗದಲ್ಲಿ ಇಳಿಸಿ, ಕೈಮಗ್ಗದ ಹೆಸರಿನಲ್ಲೇ ಮಾರುವುದು ನಿಂತಿಲ್ಲ. ದಿನಗಟ್ಟಲೆಯ ಕೆಲಸಕ್ಕೆ ಗಂಟೆಗಳ ಕೆಲಸ ಎದುರು ನಿಂತರೆ ಬೆಲೆಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 1935ರಲ್ಲಿ ಆರಂಭವಾದ ಕೋ-ಆಪ್ಟೆಕ್ಸ್ ಸಹಕಾರ ಸಂಘಗಳ ಬಟ್ಟೆ ಕೊಂಡು ಮಾರುತ್ತದೆ. ಕೈಮಗ್ಗದ ಮನೆಗಳಿಗೆ ತಮಿಳುನಾಡಿನಲ್ಲಿ ಉಚಿತ ವಿದ್ಯುತ್ ಇದೆ. ಸಹಕಾರ ಸಂಘದ ಸದಸ್ಯನಾದ ನೇಕಾರನಿಗೆ ನೂಲು ಸಿಗುತ್ತದೆ, ನೇಯ್ದ ಸೀರೆ ಒಪ್ಪಿಸಿದರೆ ಕೂಲಿ ಪಾಸ್‌ಬುಕ್ಕಿಗೆ ಬರುತ್ತದೆ. ಸಂಘದ ಹೊರಗೆ ಖಾಸಗಿ ಮಾಲೀಕರಿಗೆ ನೇಯುವವರೂ ಬಹಳ. ಅವರ ಲೆಕ್ಕ ಮುಂಗಡದಿಂದ ಶುರುವಾಗಿ ಮುಂಗಡದಲ್ಲೇ ಮುಗಿಯುತ್ತದೆ.

ಕೊಳ್ಳುವವರು ಗಮನಿಸಬೇಕಾದದ್ದು

ಸದಸ್ಯರ ಮನೆಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಇದ್ದೇ ಇರುತ್ತದೆ. ಸೀರೆ ಕೊಳ್ಳುವಾಗ ಇಷ್ಟು ನೋಡಿಕೊಳ್ಳಿ.

1. ಕೈಮಗ್ಗದ ಗುರುತಿನ ಚೀಟಿ ಇದೆಯೇ ನೋಡಿ. ಕೇಂದ್ರ ಸರ್ಕಾರದ ‘ಹ್ಯಾಂಡ್‌ಲೂಮ್ ಮಾರ್ಕ್’ 2006ರಿಂದ ಇದೆ. ರೇಷ್ಮೆಗೆ ‘ಸಿಲ್ಕ್ ಮಾರ್ಕ್’ ಬೇರೆ. ಸಿಲ್ಕ್ ಮಾರ್ಕ್ ಇದ್ದರೆ ಎಳೆ ರೇಷ್ಮೆ ಎಂದಷ್ಟೇ ಅರ್ಥ, ಕೈಯಲ್ಲೇ ನೇಯ್ದದ್ದೆಂದು ಅರ್ಥವಲ್ಲ.

2. ಅಂಚಿನ ಕೊನೆಯಲ್ಲಿ ಒಂದೇ ಅಂತರದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತುಗಳು ಕಾಣಬಹುದು. ನೇಯುವಾಗ ಬಟ್ಟೆ ಕುಗ್ಗದಂತೆ ಅಗಲಕ್ಕೆ ಹಿಡಿದಿಡುವ ಕೋಲಿನ ಗುರುತು ಅದು. ನೇಯ್ಗೆಯಲ್ಲಿ ಅಲ್ಲಲ್ಲಿ ತುಸು ಏರುಪೇರು ಇದ್ದರೆ ಅದೂ ಕೈಯ ಗುರುತೇ. ಅದನ್ನು ಕೊರತೆ ಎಂದು ಚೌಕಾಸಿ ಮಾಡಬೇಡಿ.

3. ಅನುಮಾನ ಬಂದರೆ ಕುಚ್ಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗಿ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

4. ಸಾಧ್ಯವಾದರೆ ನೇಕಾರರ ಸಹಕಾರ ಸಂಘದ ಮಳಿಗೆಯಿಂದಲೇ ಕೊಳ್ಳಿ. ನಡುವಿನ ಕೈ ಕಡಿಮೆಯಾದಷ್ಟು ನೇಯ್ದ ಕೈಗೆ ಹೆಚ್ಚು ಸೇರುತ್ತದೆ.

ಇದರಿಂದ ಏನಾದೀತು ಎನ್ನುವವರಿಗೆ ನಮ್ಮ ಕರಾವಳಿಯ ಉದಾಹರಣೆ ಇದೆ. ಉಡುಪಿ ಸೀರೆ ನೇಯುವವರು ಬೆರಳೆಣಿಕೆಯಷ್ಟು ಹಿರಿಯರು ಮಾತ್ರ ಉಳಿದಿದ್ದ ಸಮಯದಲ್ಲಿ ಕಾರ್ಕಳದ ಕದಿಕೆ ಟ್ರಸ್ಟ್, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ಕೆಲಸ ಶುರುಮಾಡಿತು. ಸೀರೆಯ ಚೀಟಿಯಲ್ಲಿ ನೇಯ್ದವರ ಹೆಸರು ಹಾಕಿದರು. ಯಾರ ಕೈಯ ಸೀರೆ ಎಂದು ಗೊತ್ತಾದ ಮೇಲೆ ಕೊಳ್ಳುವವರು ಕೇಳಿ ಕೊಂಡರು, ನಿಂತಿದ್ದ ಮಗ್ಗಕ್ಕೆ ಹೊಸಬರೂ ಬಂದರು. ಕಾಸರಗೋಡಿನ ಸದಸ್ಯರಿಗೆ ತಮ್ಮ ಕಾಸರಗೋಡು ಸೀರೆಯ ಕಥೆಯೂ ಗೊತ್ತಿದೆ. ಅಲ್ಲಿಯೂ ಕೈಮಗ್ಗ ಹಿಡಿದು ನಿಂತಿರುವುದು ಸಹಕಾರ ಸಂಘವೇ.

ಸದಸ್ಯರಲ್ಲಿ ಮನವಿ

ಕೂಲಿ ಹೆಚ್ಚಿಸುವುದು, ಮಾರುಕಟ್ಟೆ ಹಿಡಿಯುವುದು ನಮ್ಮಂಥ ಸಣ್ಣ ಸಂಘದ ಕೈಯಲ್ಲಿಲ್ಲ. ಆದರೆ ನಮ್ಮಿಂದ ಆಗುವ ಕೆಲಸವೂ ಇದೆ, ಅದನ್ನು ಬೇರೆ ಯಾರೂ ಮಾಡುವುದಿಲ್ಲ.

ಈ ಮನೆಗಳ ಕನ್ನಡದಲ್ಲಿರುವ ಮಗ್ಗದ ಪದಗಳನ್ನು ಬರೆದಿಟ್ಟುಕೊಳ್ಳಬೇಕು. ಮಗ್ಗದ ಪ್ರತಿಯೊಂದು ಭಾಗದ ಹೆಸರು, ಬಣ್ಣಗಳ ಹೆಸರು, ಬುಟ್ಟಾಗಳ ಹೆಸರು, ಎಳೆ ಎಣಿಸುವ ಕ್ರಮ, ನೇಯುವಾಗ ಹೇಳುವ ಗಾದೆ, ಚೌಡೇಶ್ವರಿಯ ಹಾಡು. ಸಿರುಮುಗೈ, ಪುಳಿಯಂಪಟ್ಟಿ, ಅವಿನಾಶಿ, ನೆಗಮಂ ಕಡೆಯ ಸದಸ್ಯರು ತಮ್ಮ ಮನೆಯ ಅಥವಾ ನೆಂಟರ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಮೊಬೈಲಿನಲ್ಲಿ ಧ್ವನಿ ಹಿಡಿದರೂ ಸಾಕು. ಬರೆಯುವವರು ಕನ್ನಡ ಲಿಪಿ ಬಾರದಿದ್ದರೆ ತಮಿಳು ಲಿಪಿಯಲ್ಲೇ ಬರೆಯಿರಿ, ಸಂಘದಲ್ಲಿ ಕನ್ನಡಕ್ಕೆ ಇಳಿಸಿಕೊಳ್ಳುತ್ತೇವೆ. ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ನಿಮ್ಮ ಅಜ್ಜಿ ಹೇಗೆ ಹೇಳಿದರೋ ಹಾಗೆಯೇ ಬೇಕು. ‘ನಮ್ಮದು ಸರಿಯಾದ ಕನ್ನಡವಲ್ಲ’ ಎಂಬ ಸಂಕೋಚದ ಮಾತು ಈ ಮನೆಗಳಲ್ಲಿ ಬಹಳ ಕೇಳಿಬರುತ್ತದೆ. ಶಾಲೆಯ ನೆರವಿಲ್ಲದೆ ಇಷ್ಟು ಕಾಲ ನಡೆದು ಬಂದ ಕನ್ನಡ ಸರಿಯಲ್ಲದಿದ್ದರೆ ಬೇರೆ ಯಾವುದು ಸರಿ?

ಕೊಳ್ಳೇಗಾಲ, ತಾಳವಾಡಿ ಕಡೆಯ ಸದಸ್ಯರೂ ತಮ್ಮ ಊರಿನ ಪದಗಳನ್ನು ಕಳಿಸಿದರೆ ಗೆರೆಯ ಎರಡೂ ಬದಿಯ ಮಗ್ಗದ ಮಾತನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಬಂದ ಪದಗಳನ್ನು ಊರಿನ ಹೆಸರಿನೊಂದಿಗೆ ಇದೇ ಪುಟದಲ್ಲಿ ಕಂತುಕಂತಾಗಿ ಹಾಕುತ್ತೇವೆ. ಸಂಘದ ವಾಟ್ಸಾಪ್ ಗುಂಪಿಗೆ ಕಳಿಸಬಹುದು, ಮುಂದಿನ ಮಾಸಿಕ ಸಭೆಗೆ ಬರುವಾಗ ಚೀಟಿಯಲ್ಲಿ ಬರೆದು ತಂದರೂ ಆಗುತ್ತದೆ. ಮನೆಯಲ್ಲಿ ಹಳೆಯ ಲಾಳಿ, ಕಂಡಿಕೆ, ಜಕಾರ್ಡ್ ಅಟ್ಟೆ ಅಟ್ಟದ ಮೇಲೆ ಇದ್ದರೆ ದಯವಿಟ್ಟು ಸೌದೆಗೆ ಹಾಕಬೇಡಿ. ಸಭೆಗೆ ತನ್ನಿ, ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಕಾಂಗೇಯಂ